ಬಿಳಿ ಹಿಮದ ಮೇಲೆ ಬಿಳಿ ಅಕ್ಷರ

ಹಳೆಯ ಚಲನಚಿತ್ರಗಳನ್ನು ತೊಳೆದು, ಒಣಗಿಸಿ, ಡಿಸ್ಕಿಗೆ ಇಳಿಸಿ ಮನೆಮನೆಗೆ ತಲುಪಿಸುವ ಘನ ಸಂಸ್ಥೆಯ ಪುನರುಜ್ಜೀವನ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಣ್ಣುಗಳೂ ಕ್ಷೇಮವಾಗಿರಲೆಂದು ಹಾರೈಸುತ್ತೇನೆ. ಅವುಗಳನ್ನು ತಾವು ಕಚೇರಿಯ ಕೆಲಸಕ್ಕೆ ಬಳಸಿದ ಗುರುತೇನೂ ನನಗೆ ಸಿಗದ ಕಾರಣ, ಹೊಸದರಂತೆಯೇ ಇರಬಹುದೆಂಬ ಭರವಸೆಯೂ ನನಗಿದೆ.

ಮೊದಲು ನನ್ನ ಪರಿಚಯ. ಸರ್ಕಾರಿ ಕಚೇರಿಯೊಂದರ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತು ಮೂವತ್ತೆರಡು ವರ್ಷ ಬೇರೆಯವರ ದೂರುಗಳನ್ನು ಟೈಪ್ ಮಾಡಿಕೊಟ್ಟವಳು ನಾನು. ನೀರು ಬಾರದ ನಲ್ಲಿಯ ಬಗ್ಗೆ, ಬದುಕಿರುವ ಮನುಷ್ಯನನ್ನು ಸತ್ತನೆಂದು ಬರೆದುಕೊಂಡ ದಾಖಲೆಯ ಬಗ್ಗೆ, ಪಕ್ಕದ ಮನೆಯ ಕಿಟಕಿ ತಮ್ಮ ಮನೆಯೊಳಗೆ ಇಣುಕುತ್ತದೆ ಎನ್ನುವವರ ಸಂಕಟದ ಬಗ್ಗೆ ನಾನು ಬರೆದ ಕಾಗದಗಳನ್ನು ಒಂದರ ಮೇಲೊಂದು ಇಟ್ಟರೆ ನನಗಿಂತ ಎತ್ತರವಾದೀತು. ಅಷ್ಟಾದರೂ ನನ್ನ ಸ್ವಂತ ದೂರೆಂದು ಒಂದು ಸಾಲನ್ನೂ ನಾನು ಬರೆದವಳಲ್ಲ. ಆ ಭಾಗ್ಯವನ್ನು ಒದಗಿಸಿಕೊಟ್ಟವರು ತಾವು. ಅದಕ್ಕಾಗಿ ಮೊದಲ ವಂದನೆ.

ವಿಷಯ: ತಮ್ಮ ಕ್ಲಾಸಿಕ್ ಸಂಗ್ರಹದ ಮೂವತ್ತೊಂದನೇ ಡಿಸ್ಕ್, ಅಂದರೆ ಕಪ್ಪು-ಬಿಳುಪಿನ ಆ ಜಪಾನಿ ಸಮುರಾಯ್ ಸೇಡಿನ ಚಿತ್ರ. ಗುರುವನ್ನು ಕೊಂದು ಓಡಿಹೋದ ಸಹಪಾಠಿಯನ್ನು ಒಬ್ಬ ಕತ್ತಿವೀರ ಹದಿನೆಂಟು ವರ್ಷ ಹುಡುಕುತ್ತಾನೆ. ಕೊನೆಗೆ ಮುರಿದ ಸೇತುವೆಯೊಂದರ ಬಳಿ, ಹಿಮ ಬೀಳುತ್ತಿರುವಾಗ, ಇಬ್ಬರೂ ಎದುರಾಗುತ್ತಾರೆ. ಕತ್ತಿ ಮೇಲೇಳುತ್ತದೆ. ಶತ್ರು ತನ್ನ ಕತ್ತಿಯನ್ನು ಕೆಳಗೆ ಹಾಕಿ ಒಂದೇ ಒಂದು ಮಾತು ಹೇಳುತ್ತಾನೆ. ಅದನ್ನು ಕೇಳಿದ ವೀರ ಎತ್ತಿದ ಕತ್ತಿಯನ್ನು ಒರೆಗೆ ಸೇರಿಸಿ ಬಂದ ದಾರಿ ಹಿಡಿಯುತ್ತಾನೆ. ಇಡೀ ಚಿತ್ರ ನಿಂತಿರುವುದು ಆ ಒಂದು ಮಾತಿನ ಮೇಲೆ. ಇದು ನನ್ನ ಅಭಿಪ್ರಾಯವಲ್ಲ, ತಮ್ಮದೇ. ಡಬ್ಬಿಯ ಹಿಂಬದಿಯಲ್ಲಿ "ಆ ಒಂದು ವಾಕ್ಯಕ್ಕಾಗಿಯಾದರೂ ಪ್ರತಿಯೊಬ್ಬರೂ ನೋಡಲೇಬೇಕಾದ ಚಿತ್ರ" ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿದ್ದೀರಿ. ಬಂಗಾರದ ಬಣ್ಣ ಚೆನ್ನಾಗಿ ಕಾಣಿಸುತ್ತದೆ. ಡಬ್ಬಿಯ ಮೇಲೆ ಬಳಸಿದ ಆ ಬುದ್ಧಿಯಲ್ಲಿ ಒಂದು ಚಿಟಿಕೆಯಷ್ಟನ್ನು ಒಳಗಿನ ಡಿಸ್ಕಿಗೂ ಉದುರಿಸಿದ್ದರೆ ನಾನು ಈ ಹೊತ್ತಿನಲ್ಲಿ ಬಟ್ಟೆ ಮಡಚುತ್ತ ಕೂತಿರುತ್ತಿದ್ದೆ.

ಒಂದು ಡಿಸ್ಕಿಗಾಗಿ ಇಷ್ಟು ವಯಸ್ಸಾದವಳು ಇಷ್ಟು ಉದ್ದದ ಕಾಗದ ಬರೆಯುವುದೇಕೆ ಎಂದು ತಮಗೆ ಅನ್ನಿಸಬಹುದು. ಅನ್ನಿಸಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ಅಣ್ಣ ನಲವತ್ತೊಂದು ವರ್ಷದ ಹಿಂದೆ ಈ ಊರಿನ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ. ಈಗ ಆ ಜಾಗದಲ್ಲಿ ಸೋಫಾ ಮಾರುತ್ತಾರೆ. ಅದೇ ಚಿತ್ರಮಂದಿರದಲ್ಲಿ ಬಾಗಿಲ ಬಳಿ ನಿಂತು ಟಿಕೆಟ್ ಹರಿದು, ತಡವಾಗಿ ಬಂದವರಿಗೆ ಬೆಳಕು ಬಿಟ್ಟು ಸೀಟು ತೋರಿಸುತ್ತಿದ್ದವರನ್ನು ಊರೆಲ್ಲ ಟಾರ್ಚಣ್ಣ ಎಂದೇ ಕರೆಯುತ್ತಿತ್ತು. ಅಣ್ಣನಿಗೂ ಅವರಿಗೂ ಎಷ್ಟು ಗಳಸ್ಯ ಕಂಠಸ್ಯವೆಂದರೆ ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಮೆಟ್ಟಿಕೊಂಡು ಹೋದರೂ ಸಂಜೆಯವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟಿಕೆಟ್ ಕೊಡುವ ಕಿಂಡಿಯ ಹಿಂದೆ ಕೂರುತ್ತಿದ್ದ ಹುಡುಗಿ ಮುಂದೆ ನನಗೆ ಅತ್ತಿಗೆಯಾದಳು. ಆಗಿನ್ನೂ ಆಗಿರಲಿಲ್ಲ, ಆಗುವ ಪ್ರಯತ್ನ ನಡೆದಿತ್ತು.

ತಮ್ಮ ಈ ಚಿತ್ರ ಆಗ ಅಲ್ಲಿಗೆ ಬಂತು. ಮೊದಲ ದಿನದ ಮ್ಯಾಟಿನಿಯಲ್ಲಿ, ಶತ್ರು ಬಾಯಿ ತೆರೆದ ಗಳಿಗೆಗೆ ಸರಿಯಾಗಿ, ಯಂತ್ರದಲ್ಲಿ ರೀಲು ಸಿಕ್ಕಿಕೊಂಡಿತು. ಯಂತ್ರದ ಪಕ್ಕದಲ್ಲಿ ಆಪರೇಟರ್ ನಿಂತಿದ್ದರೆ ಕಣ್ಣು ಮಿಟುಕಿಸುವುದರೊಳಗೆ ದೀಪಕ್ಕೆ ತಗಡು ಅಡ್ಡ ಹಾಕಿ ರೀಲನ್ನು ಉಳಿಸಿಕೊಳ್ಳುತ್ತಿದ್ದ. ಆದರೆ ಆಪರೇಟರ್ ಮಹಾಶಯ ಹಿಂದಿನ ಮೆಟ್ಟಿಲ ಮೇಲೆ ಭಾವಿ ಅತ್ತಿಗೆಯ ಜೊತೆ ಮಾತಾಡುತ್ತ ನಿಂತಿದ್ದ. ದೀಪದ ಕಾವಿಗೆ ಪರದೆಯ ಮೇಲಿನ ಹಿಮ ಗುಳ್ಳೆ ಗುಳ್ಳೆಯಾಗಿ ಎದ್ದು, ಕಂದಾಗಿ, ತೂತಾಯಿತು. ಅಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿಬಂದು, ಸುಟ್ಟ ನಾಲ್ಕು ಅಡಿಯನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಅಂಟಿಸಿ ಮತ್ತೆ ಓಡಿಸಿದ. ಆ ನಾಲ್ಕು ಅಡಿಯಲ್ಲಿ ಆ ಮಾತಿತ್ತು.

ಅಲ್ಲಿಂದ ಮುಂದೆ ನಮ್ಮ ಊರಿನ ಜನ ಕಂಡದ್ದು ಇಷ್ಟು: ಹದಿನೆಂಟು ವರ್ಷ ಹುಡುಕಿದ ವೀರ ಕತ್ತಿ ಎತ್ತುತ್ತಾನೆ, ಶತ್ರು ಆಕಳಿಸುವವನಂತೆ ಬಾಯಿ ತೆರೆಯುತ್ತಾನೆ, ಪರದೆ ಒಮ್ಮೆ ಜಿಗಿಯುತ್ತದೆ, ವೀರ ಮನೆಗೆ ಹೊರಟಿರುತ್ತಾನೆ. ಹೆಣ ಬೀಳಲಿಲ್ಲವೆಂದು ಜನ ರೊಚ್ಚಿಗೆದ್ದರು. ಕೊಲ್ಲುವ ದೃಶ್ಯವನ್ನೇ ಯಾರೋ ಕದ್ದಿದ್ದಾರೆಂದು ಕುರ್ಚಿಗಳನ್ನು ಮುರಿದರು. ಚಿತ್ರಮಂದಿರದ ಮಾಲೀಕರು ಕಳ್ಳನನ್ನು ಹುಡುಕಲು ಹೊರಟರು. ಟಾರ್ಚಣ್ಣನ ಚೀಲದಲ್ಲಿ ಹಳೆಯ ರೀಲುಗಳ ನಾಲ್ಕೈದು ತುಣುಕುಗಳು ಸಿಕ್ಕವು. ಕಸದ ಬುಟ್ಟಿಯಿಂದ ಆಯ್ದು ಅಕ್ಕನ ಮಕ್ಕಳಿಗೆ ಬೆಳಕಿಗೆ ಹಿಡಿದು ತೋರಿಸಲು ಒಯ್ಯುತ್ತಿದ್ದ ಬೇರೆ ಯಾವುದೋ ಚಿತ್ರದ ತುಣುಕುಗಳು. ಮಾಲೀಕರಿಗೆ ಅಷ್ಟೇ ಸಾಕಾಯಿತು. ಅದೇ ಸಂಜೆ ಅವರನ್ನು ಗೇಟಿನಿಂದ ಆಚೆ ನಿಲ್ಲಿಸಿದರು. ನನ್ನ ಅಣ್ಣ ಅಲ್ಲೇ ನಿಂತಿದ್ದ. ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ.

ಟಾರ್ಚಣ್ಣ ಕೆಲವು ತಿಂಗಳು ಅಲೆದು, ಆಮೇಲೆ ನಮ್ಮ ಬೀದಿಯ ತಿರುವಿನಲ್ಲೇ ಬೀಗ ರಿಪೇರಿಯ ಪೆಟ್ಟಿಗೆ ಅಂಗಡಿ ಇಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಮ್ಮೆ ಅಣ್ಣನ ಮನೆಯ ಬಾಗಿಲು ಸಿಕ್ಕಿಕೊಂಡು ಅತ್ತಿಗೆ ಒಳಗೇ ಉಳಿದಳು. ಇಪ್ಪತ್ತು ಹೆಜ್ಜೆಯಲ್ಲಿ ಬೀಗದವರಿದ್ದರೂ ಅಣ್ಣ ಊರಿನ ಆ ತುದಿಯಿಂದ ಯಾರನ್ನೋ ಕರೆಸಿದ. ಆ ಪುಣ್ಯಾತ್ಮ ಎರಡು ಗಂಟೆ ಸುತ್ತಿಗೆಯಲ್ಲಿ ಕುಟ್ಟಿದ. ಟಾರ್ಚಣ್ಣ ತಮ್ಮ ಪೆಟ್ಟಿಗೆಯಲ್ಲಿ ಕೂತು ಅಷ್ಟು ಹೊತ್ತೂ ನೋಡಿದರು, ಏಳಲಿಲ್ಲ. ಅವರೊಬ್ಬ ಹಟಮಾರಿ, ನನ್ನಣ್ಣ ಇನ್ನೊಬ್ಬ. ಅಷ್ಟು ದೂರದ ಜಪಾನಿಗೆ ಹೋಗಿ ಸೇಡಿನ ಕಥೆ ತೆಗೆಯುವ ಅಗತ್ಯ ಏನಿತ್ತೋ ನನಗೆ ತಿಳಿಯದು.

ಕಳೆದ ವರ್ಷ ಅಣ್ಣನ ಕಣ್ಣಿನ ನರ ಒಣಗುತ್ತಿದೆ ಎಂದು ವೈದ್ಯರು ಹೇಳಿದರು. ಈಗ ಅವನಿಗೆ ಲೋಕವೆಲ್ಲ ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತದೆ. ಆ ಕೊಳವೆಯೂ ದಿನೇ ದಿನೇ ಸಣ್ಣಗಾಗುತ್ತಿದೆ. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ನನ್ನನ್ನು ಕರೆದು, "ಪೂರ್ತಿ ಕತ್ತಲಾಗೋಕೆ ಮುಂಚೆ ಆ ಸಿನಿಮಾನ ಒಂದ್ಸಲ ಪೂರ್ತಿ ನೋಡಬೇಕು ಕಣೇ. ಅವನನ್ನೂ ಕೂರಿಸ್ಕೊಂಡು ನೋಡಬೇಕು" ಎಂದ. ಯಾರನ್ನು ಎಂದು ನಾನು ಕೇಳಲಿಲ್ಲ. ಸುಟ್ಟದ್ದು, ಕತ್ತರಿಸಿದ್ದು, ಮೆಟ್ಟಿಲ ಮೇಲೆ ನಿಂತದ್ದು, ಎಲ್ಲವನ್ನೂ ಅವನು ನನಗೆ ಹೇಳಿದ್ದು ಅವತ್ತೇ. ಕತ್ತರಿಸಿದ ಮಾತನ್ನು ಮೊದಲು ಅವರಿಗೆ ತೋರಿಸಿ, ಆಮೇಲೆ ತಪ್ಪು ಒಪ್ಪಿಕೊಳ್ಳಬೇಕೆಂಬುದು ಅವನ ಲೆಕ್ಕಾಚಾರ. ಬರಿಗೈಯಲ್ಲಿ ಹೋಗಿ ಒಪ್ಪಿಕೊಳ್ಳುವ ಧೈರ್ಯವಿಲ್ಲದವರು ಇಂಥ ಲೆಕ್ಕಾಚಾರಗಳನ್ನು ಹಾಕುತ್ತಾರೆ.

ಹೀಗೆ ತಮ್ಮ ಡಿಸ್ಕ್ ನಮ್ಮ ಮನೆಗೆ ಬಂತು. ನಾನು ಬೀಗದ ಅಂಗಡಿಗೆ ಹೋದೆ. ಟಾರ್ಚಣ್ಣ ಕೀಲಿಯೊಂದನ್ನು ಅರದಿಂದ ಉಜ್ಜುತ್ತಿದ್ದರು.

"ಏನು, ನಿಮ್ಮಣ್ಣನ ಬಾಗಿಲು ಮತ್ತೆ ಸಿಕ್ಕೊಂಡಿತಾ?" ಎಂದರು, ತಲೆ ಎತ್ತದೆ.

"ಇಲ್ಲ. ಸಿನಿಮಾ ನೋಡೋಕೆ ಕರೀತಿದ್ದಾನೆ" ಎಂದು ಹೇಳಿ ಡಬ್ಬಿಯನ್ನು ಮುಂದಿಟ್ಟೆ.

ಅರ ನಿಂತಿತು. ಡಬ್ಬಿಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಪೂರ್ತಿ ಇದೆಯಾ?"

"ಪೂರ್ತಿ ಇದೆ ಅಂತ ಬರೆದಿದ್ದಾರೆ."

"ಬರೆಯೋರು ಏನು ಬೇಕಾದ್ರೂ ಬರೀತಾರೆ" ಎಂದು ಮತ್ತೆ ಉಜ್ಜತೊಡಗಿದರು. ಮಾನ್ಯರೇ, ತಮ್ಮ ಡಿಸ್ಕನ್ನು ನೋಡುವ ಮೊದಲೇ ತಮ್ಮನ್ನು ಸರಿಯಾಗಿ ಅಳೆದ ಆ ಒಬ್ಬ ಮನುಷ್ಯನನ್ನು ತಾವು ಗುಣಮಟ್ಟ ಪರೀಕ್ಷಕರನ್ನಾಗಿ ನೇಮಿಸಿಕೊಳ್ಳಬೇಕೆಂದು ನನ್ನ ನಮ್ರ ಸಲಹೆ.

ಆದರೂ ಭಾನುವಾರ ಮಧ್ಯಾಹ್ನ ಅವರು ಅಣ್ಣನ ಮನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನಮಸ್ಕಾರವನ್ನು ಅಣ್ಣನಿಗಲ್ಲ, ಕುರ್ಚಿಗೆ ಹೇಳಿದಂತೆ ಹೇಳಿ ಕೂತರು. ಅತ್ತಿಗೆ ಕಿಟಕಿಯ ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಿದಳು. ಅಣ್ಣನಿಗೆ ಅಕ್ಷರ ಓದಲಾಗದ್ದರಿಂದ ಸಬ್‌ಟೈಟಲ್‌ಗಳನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದಾಯಿತು. ನಮ್ಮಲ್ಲಿ ಯಾರಿಗೂ ಜಪಾನಿ ಭಾಷೆಯ ಗಂಧವಿಲ್ಲ ಎಂಬುದನ್ನು ಇಲ್ಲಿ ವಿನಯದಿಂದ ನಿವೇದಿಸುತ್ತೇನೆ. ತಾವು ಅದನ್ನು ಊಹಿಸಿರಲಾರಿರಿ.

ಎರಡು ಗಂಟೆ ಎಲ್ಲ ಸರಿಯಾಗಿಯೇ ನಡೆಯಿತು. ನನ್ನ ಗಂಟಲು ಒಣಗುವವರೆಗೆ ಓದಿದೆ. ಕತ್ತಿವೀರ ಊರೂರು ಅಲೆದ, ಚಪ್ಪಲಿ ಸವೆಸಿದ, ಮುದುಕನಾದ. ಕೊನೆಗೆ ಸೇತುವೆ ಬಂತು. ಹಿಮ ಬಂತು. ಮಾನ್ಯರೇ, ಎಂಥ ಹಿಮ ಅದು! ತಮ್ಮ ವಿಭಾಗದ ತಜ್ಞರು ರೀಲಿನ ಲಕ್ಷಗಟ್ಟಲೆ ಚೌಕಟ್ಟುಗಳನ್ನು ಒಂದೊಂದಾಗಿ ತೊಳೆದು ಕೊಳೆ ತೆಗೆದಿದ್ದಾರೆಂದು ಡಬ್ಬಿಯಲ್ಲಿ ಓದಿದ್ದೆ; ಅದು ಸುಳ್ಳಲ್ಲ. ನಮ್ಮ ಚಿತ್ರಮಂದಿರಕ್ಕೆ ಬಂದಿದ್ದ ಹಳೆಯ ಪ್ರತಿಯಲ್ಲಿ ಹಿಮವು ಒಲೆಯ ಬೂದಿಯ ಬಣ್ಣಕ್ಕಿತ್ತೆಂದು ಅಣ್ಣ ಹೇಳುತ್ತಿದ್ದ. ತಮ್ಮ ಹಿಮವೋ ಈಗಷ್ಟೇ ಸುಣ್ಣ ಹೊಡೆದ ಗೋಡೆ. ಆ ಗೋಡೆಯ ಮೇಲೆ, ಆ ಬೆಳ್ಳನೆ ಬೆಳಗುವ ಹಿಮದ ಮೇಲೆ, ತಾವು ಸಬ್‌ಟೈಟಲ್‌ಗಳನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದೀರಿ. ಅಂಚಿಗೆ ಒಂದು ಕಪ್ಪು ಗೆರೆಯೂ ಇಲ್ಲದೆ ಬರೆಸಿದ್ದೀರಿ.

ಶತ್ರು ಬಾಯಿ ತೆರೆದ. ಗಾಳಿಯ ಸದ್ದಿನ ನಡುವೆ ತಗ್ಗಿದ ದನಿಯಲ್ಲಿ ಏನೋ ಹೇಳಿದ. ತೆರೆಯ ಕೆಳತುದಿಯಲ್ಲಿ ಹಿಮಕ್ಕೆ ಸಣ್ಣ ನವೆ ಎದ್ದಂತೆ ಏನೋ ಮೂಡಿ ಮಾಯವಾಯಿತು.

"ಏನಂದ?" ಎಂದ ಅಣ್ಣ.

"ಏನಂದ?" ಎಂದರು ಟಾರ್ಚಣ್ಣ.

ಕೋಣೆಗೆ ಬಂದ ಮೇಲೆ ಇಬ್ಬರೂ ಸೇರಿ ಆಡಿದ ಮೊದಲ ಮಾತು ಅದು. ನಾನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಕಾಣಲಿಲ್ಲ. ನಿಲ್ಲಿಸಿ ನೋಡೋಣವೆಂದು ಗುಂಡಿ ಒತ್ತಿದರೆ ತಮ್ಮ ಸಂಸ್ಥೆಯ ಲಾಂಛನ ಮೇಲೆದ್ದು ಸರಿಯಾಗಿ ಅಕ್ಷರಗಳಿರಬೇಕಾದ ಜಾಗದ ಮೇಲೇ ಕಾಲು ಚಾಚಿ ಮಲಗಿತು. ಟಿವಿಯ ಬೆಳಕು ಇಳಿಸಿದೆವು. ಹಿಮ ಬೂದಿಯಾಯಿತು, ಅಕ್ಷರವೂ ಅದರ ಜೊತೆ ಬೂದಿಯಾಯಿತು. ಅತ್ತಿಗೆ ಅಣ್ಣನ ಕಪ್ಪು ಕನ್ನಡಕ ತಂದು ನನ್ನ ಮೂಗಿಗೆ ಏರಿಸಿದಳು. ಟಾರ್ಚಣ್ಣ ತೆರೆಗೆ ಮೂಗು ತಾಗಿಸಿ ಬದಿಯಿಂದ ನೋಡಿ, ಒಂದು 'ನ' ಕಂಡಿತೆಂದರು. ಆಮೇಲೆ ಅದು ಶತ್ರುವಿನ ಮೊಣಕಾಲೆಂದು ಗೊತ್ತಾಯಿತು.

ಡಿಸ್ಕಿನಲ್ಲಿ ವಿದ್ವಾಂಸರೊಬ್ಬರ ವ್ಯಾಖ್ಯಾನ ಉಂಟೆಂದು ನನಗೆ ನೆನಪಾಯಿತು. ಅದನ್ನು ಹಾಕಿದೆವು. ಅವರು ಕ್ಯಾಮರಾದ ಎತ್ತರದ ಬಗ್ಗೆ ಹೇಳಿದರು, ಸೇತುವೆಯ ಮರದ ಬಗ್ಗೆ ಹೇಳಿದರು, ನಟನ ಶೀತದ ಬಗ್ಗೆಯೂ ಹೇಳಿದರು. ಶತ್ರು ಬಾಯಿ ತೆರೆಯುವ ಹೊತ್ತಿಗೆ, "ಇಲ್ಲಿ ಅವನು ಹೇಳುವ ಮಾತು ಎಲ್ಲರಿಗೂ ತಿಳಿದದ್ದೇ, ಆದ್ದರಿಂದ ನಾನು ಮೌನವಾಗಿರುತ್ತೇನೆ" ಎಂದರು. ಮೌನವಾಗಿಯೂ ಇದ್ದರು. ಚಿತ್ರದುದ್ದಕ್ಕೂ ಅವರು ಸುಮ್ಮನಿದ್ದದ್ದು ಅದೊಂದೇ ಕಡೆ.

ಮೂವರೂ ನನ್ನ ಮುಖ ನೋಡಿದರು. ಮಾನ್ಯರೇ, ಬೇರೆಯವರ ಬಾಯಿಗೆ ಮಾತು ಒದಗಿಸುವುದು ನನ್ನ ಕಸುಬು. ಆ ಶತ್ರುವಿಗೆ ಹಿಡಿಸುವಂಥ, ಅಣ್ಣನಿಗೂ ಅನುಕೂಲವಾಗುವಂಥ ಒಂದು ಸಾಲನ್ನು ಹೊಸೆದು ಓದಿಬಿಡುವುದು ನನಗೆ ನೀರು ಕುಡಿದಷ್ಟು ಸುಲಭವಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಒಮ್ಮೆ ಕತ್ತರಿಸಿದ ಜಾಗಕ್ಕೆ ಈಗ ಸುಳ್ಳನ್ನು ಅಂಟಿಸಲು ನನಗೆ ಮನಸ್ಸು ಬರಲಿಲ್ಲ. "ಕಾಣಿಸ್ತಾ ಇಲ್ಲ" ಎಂದುಬಿಟ್ಟೆ.

ಅಣ್ಣ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಕೂತಿದ್ದ. ತೆರೆಯ ಮೇಲೆ ಶತ್ರು ಮತ್ತೊಮ್ಮೆ ಬಾಯಿ ತೆರೆಯುತ್ತಿದ್ದ.

"ಆ ರೀಲು ಕತ್ತರಿಸಿದ್ದು ನಾನು" ಎಂದ ಅಣ್ಣ. "ಸುಟ್ಟೋಗಿತ್ತು. ನಾನು ಒಳಗಿರಲಿಲ್ಲ, ಮೆಟ್ಟಿಲ ಮೇಲಿದ್ದೆ. ನಿನ್ನನ್ನ ಕಳ್ಳ ಅಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ."

"ಗೊತ್ತು" ಎಂದರು ಟಾರ್ಚಣ್ಣ.

ಅತ್ತಿಗೆ ಚಹಾದ ತಟ್ಟೆಯನ್ನು ಕೆಳಗಿಟ್ಟು ಅಲ್ಲೇ ಕೂತಳು.

"ಪರದೆ ಸುಡ್ತಿದ್ದಾಗ ಮೇಲಕ್ಕೆ ಬೆಳಕು ಬಿಟ್ಟು ನೋಡ್ದೆ. ಪ್ರೊಜೆಕ್ಟರ್ ಕಿಂಡೀಲಿ ನಿನ್ನ ತಲೆ ಇರಲಿಲ್ಲ. ಎಲ್ಲಿರ್ತೀಯ ಅಂತ ನನಗೆ ಗೊತ್ತಿಲ್ವಾ?"

"ಮತ್ತೆ ಮಾಲೀಕರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಜೊತೆಗೆ ಈ ತಾಯಿದೂ ಹೋಗ್ತಿತ್ತು. ನೀನೇ ಬಂದು ಹೇಳ್ತೀಯ ಅಂತ ಕಾದೆ." ಅವರು ತೆರೆಯತ್ತ ಕೈ ತೋರಿದರು. "ಆ ನನ್ಮಗ ಹದಿನೆಂಟೇ ವರ್ಷ ಕಾದಿದ್ದಕ್ಕೆ ಸಿನಿಮಾ ಮಾಡಿದಾರೆ. ನಾನು ನಲವತ್ತೊಂದು ವರ್ಷ ಕಾದೆ ಕಣಯ್ಯಾ."

ಅಣ್ಣ ಅತ್ತ. ಅವನ ಕೊಳವೆಯಷ್ಟು ನೋಟವೂ ಆ ಹೊತ್ತು ಮಂಜಾಗಿರಬೇಕು, ಟಾರ್ಚಣ್ಣನ ಕೈಯನ್ನು ಹುಡುಕಲು ಹೋಗಿ ಕುರ್ಚಿಯ ತೋಳನ್ನು ಹಿಡಿದುಕೊಂಡ. ಟಾರ್ಚಣ್ಣ ಕೈ ಕೊಡಲಿಲ್ಲ. ಕ್ಷಮಿಸಿದೆ ಎನ್ನುವ ಮಾತನ್ನೂ ಆಡಲಿಲ್ಲ. ಚಹಾ ಕುಡಿದು, ಲೋಟ ಕೆಳಗಿಟ್ಟು, "ಮುಂದಿನ ವಾರ ಬರ್ತೀನಿ. ಅಷ್ಟರೊಳಗೆ ಅದೇನಂದ ಅಂತ ಬರೆದು ಕೇಳು ತಂಗೀ, ನಿನ್ನ ಕೆಲಸ ಅದೇ ಅಲ್ವಾ" ಎಂದು ನನಗೆ ಹೇಳಿ ಹೊರಟರು. ಹೋಗುವಾಗ ಬಾಗಿಲ ಚಿಲಕವನ್ನು ಎರಡು ಬಾರಿ ಆಡಿಸಿ ನೋಡಿ, ಆ ಸುತ್ತಿಗೆಯವನಿಗೆ ಒಂದು ಬೈಗುಳ ಕೊಟ್ಟರು.

ನಾನು ಬರೆದು ಕೇಳಿದೆ. ತಮ್ಮ ಗ್ರಾಹಕ ಸೇವೆಯವರು ಮೃದುವಾದ ಬಟ್ಟೆಯಿಂದ ಡಿಸ್ಕನ್ನು ಒರೆಸಲು ಹೇಳಿದರು. ಒರೆಸಿದೆ ಎಂದು ಬರೆದೆ. ಟಿವಿಯನ್ನು ಆರಿಸಿ ಮತ್ತೆ ಹಚ್ಚಲು ಹೇಳಿದರು. ಹಚ್ಚಿದೆ ಎಂದು ಬರೆದೆ. ನನ್ನ ಸಮಸ್ಯೆ ಬಗೆಹರಿದದ್ದಕ್ಕೆ ಅಭಿನಂದಿಸಿ, ಅವರ ಸೇವೆಗೆ ಎಷ್ಟು ನಕ್ಷತ್ರ ಕೊಡುವೆನೆಂದು ಕೇಳಿದರು. ನಾನು ಕೇಳಿದ್ದು ಒಂದು ವಾಕ್ಯ. ಅವರು ಕಳಿಸಿದ್ದು ಹದಿನೇಳು ವಾಕ್ಯ. ಅದರಲ್ಲಿ ಒಂದಾದರೂ ಆ ಶತ್ರು ಆಡಿದ್ದಾಗಿರಬಹುದೇ ಎಂದು ಒಂದೊಂದನ್ನೂ ಅವನ ಬಾಯಿಗೆ ಹಚ್ಚಿ ನೋಡಿದ್ದೇನೆ. "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬುದು ಕೊಂಚ ಹೊಂದಿಕೆಯಾಗುತ್ತದೆ. ಗುರುವನ್ನು ಕೊಂದವನು ಅಷ್ಟಾದರೂ ಹೇಳಬೇಕಾದದ್ದೇ. ಆದರೆ ಅದನ್ನು ಕೇಳಿ ಕತ್ತಿ ಒರೆಗೆ ಸೇರಿಸುವ ವೀರ ಎಲ್ಲಿಯೂ ಹುಟ್ಟಿರಲಾರ.

ಆದ್ದರಿಂದ ಈ ಬಹಿರಂಗ ಪತ್ರದ ಮೂಲಕ ಕೆಲವು ಬೇಡಿಕೆಗಳನ್ನು ತಮ್ಮ ಪಾದದಲ್ಲಿಡುತ್ತೇನೆ. ಆ ಸೇತುವೆಯ ಮೇಲೆ ಅರ್ಧ ಗಂಟೆ ಬಿಸಿಲು ಬರುವಂತೆ ಮಾಡಿ ಹಿಮವನ್ನು ಕರಗಿಸಿಕೊಡಬೇಕು. ಅದು ಕಷ್ಟವಾದರೆ ತಮ್ಮ ತಜ್ಞರಲ್ಲಿ ಒಬ್ಬರನ್ನು ಒಂದು ಬುಟ್ಟಿ ಇದ್ದಿಲ ಪುಡಿಯ ಸಮೇತ ಚಿತ್ರದೊಳಕ್ಕೆ ಇಳಿಸಬೇಕು. ಅದೂ ಆಗದಿದ್ದರೆ ತಾವು ತೊಳೆದು ತೆಗೆದ ಕೊಳೆಯನ್ನು ಪೊಟ್ಟಣ ಕಟ್ಟಿ ನಮಗೆ ವಾಪಸು ಕಳಿಸಬೇಕು. ಅರವತ್ತು ವರ್ಷ ಆ ಅಕ್ಷರಗಳನ್ನು ಜನರಿಗೆ ತೋರಿಸಿಕೊಟ್ಟದ್ದು ಆ ಕೊಳೆ, ತಮಗಿಂತ ಹೆಚ್ಚು ಜವಾಬ್ದಾರಿಯಿಂದ ಕೆಲಸ ಮಾಡಿದೆ. ಕೊನೆಯದಾಗಿ, ತಮ್ಮ ವಿಭಾಗದಲ್ಲಿ ಬಿಳಿಯ ಮೇಲೆ ಬಿಳಿ ಬರೆಯುವ ಕಲೆಯನ್ನು ಸಾಧಿಸಿದ ಮಹನೀಯರು ಯಾರೋ, ಅವರ ಸಂಬಳದ ಚೀಟಿಯನ್ನೂ ರಜೆಯ ಅರ್ಜಿಯನ್ನೂ ಇನ್ನು ಮುಂದೆ ಅದೇ ಶಾಯಿಯಲ್ಲಿ ಬರೆದುಕೊಡಬೇಕು.

ಅಣ್ಣನ ಕಣ್ಣಿಗೆ ಇನ್ನೆಷ್ಟು ತಿಂಗಳು ಉಳಿದಿದೆಯೋ ವೈದ್ಯರಿಗೂ ಗೊತ್ತಿಲ್ಲ. ಈ ಪತ್ರಕ್ಕೆ ಉತ್ತರಿಸುವ ಮುನ್ನ ತಾವು ಅದೊಂದನ್ನು ಮಾತ್ರ ತಮಾಷೆಯೆಂದು ಓದಬಾರದೆಂದು ಕೋರಿಕೆ.

ಒರೆಸಲು ಹೇಳಿದ್ದನ್ನೆಲ್ಲ ಒರೆಸಿ, ಆರಿಸಲು ಹೇಳಿದ್ದನ್ನೆಲ್ಲ ಆರಿಸಿ, ಇಷ್ಟಾದ ಮೇಲೂ ತಾವು ಮನುಷ್ಯರೇ ಇರಬೇಕೆಂದು ನಂಬಿರುವ,

ತಮ್ಮ ವಿಶ್ವಾಸಿ,
ಕಾಂಪೌಂಡಿನ ಬಳಿಯ ಟೈಪಿಸ್ಟ್

ಮರೆತ ಮಾತು: ಈ ಪತ್ರವನ್ನು ಟೈಪ್ ಮಾಡಿ ಮುಗಿಸಿದ ದಿನವೇ ತಮ್ಮಿಂದ ಬದಲಿ ಡಿಸ್ಕ್ ಬಂತು. ಧನ್ಯವಾದಗಳು. ಇದರಲ್ಲಿ ತಾವು ಎಲ್ಲ ಅಕ್ಷರಗಳನ್ನೂ ಕಪ್ಪಾಗಿಸಿದ್ದೀರಿ. ಚಿತ್ರದ ಮುಕ್ಕಾಲು ಪಾಲು ಕತ್ತಲಲ್ಲಿ ನಡೆಯುವುದರಿಂದ ಈ ಬಾರಿ ನಾನು ಮೊದಲ ಎರಡು ಗಂಟೆ ಓದುವ ಶ್ರಮವಿಲ್ಲದೆ ಕಳೆದೆ. ಭಾನುವಾರ ಟಾರ್ಚಣ್ಣ ಬಂದಿದ್ದರು. ಅಣ್ಣನ ಪಕ್ಕದ ಕುರ್ಚಿಯಲ್ಲೇ ಕೂತರು. ಸೇತುವೆ ಬಂತು, ಹಿಮ ಬಂತು, ಶತ್ರು ಬಾಯಿ ತೆರೆದ. ಸುಣ್ಣದ ಗೋಡೆಗೆ ಡಾಂಬರು ಬಳಿದಷ್ಟು ಸ್ಪಷ್ಟವಾಗಿ ಅಕ್ಷರಗಳು ಮೂಡಿದವು. ನಾನು ಗಟ್ಟಿಯಾಗಿ ಓದಿದೆ: "ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ." ಇದು ಶತ್ರುವಿನ ಮಾತಲ್ಲ, ತಮ್ಮ ಅನುವಾದಕರು ಕಂಸದೊಳಗೆ ಬರೆದ ಟಿಪ್ಪಣಿ.

ಅಣ್ಣ ತಲೆ ತಗ್ಗಿಸಿದ. ಟಾರ್ಚಣ್ಣ ಅಣ್ಣನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಬಿಡಯ್ಯಾ. ಕತ್ತರಿಸಿದ್ರೂ ನೀನು ನೀಟಾಗಿ ಕತ್ತರಿಸಿದ್ದೆ."

ಈ ಮಾತನ್ನು ತಮ್ಮ ಮುಂದಿನ ಡಬ್ಬಿಯ ಹಿಂಬದಿಗೆ ಬಳಸಿಕೊಳ್ಳಲು ನಮ್ಮ ಅಭ್ಯಂತರವಿಲ್ಲ.